ಜೂನ್ ಒಂದರಂದು ಹುಟ್ಟಿದವರು

ನಮ್ಮ ಶಾಲೆಯ ಮಕ್ಕಳು ಜರ್ಮನಿಗೆ ಹೋಗಿ ಬಂದ ಅನುಭವಗಳನ್ನು ಓದಬೇಕೆನ್ನುವವರು 1995ರಿಂದ 2002ರವರೆಗಿನ ಶಾಲಾ ಸಂಚಿಕೆಗಳನ್ನು ತೆಗೆದು ನೋಡಬಹುದು. ಎರಡನೇ ಕಪಾಟಿನಲ್ಲಿ ನಾನೇ ಜೋಡಿಸಿಟ್ಟಿದ್ದೇನೆ. "ರೈನ್ ನದಿಯ ದಡದಲ್ಲಿ ನಿಂತಾಗ ನಮ್ಮ ಹೃದಯ ತುಂಬಿ ಬಂತು" ಎಂಬ ವಾಕ್ಯ ಎಂಟೂ ಸಂಚಿಕೆಗಳಲ್ಲಿದೆ. ಕೆಳಗೆ ಬರೆದ ಮಗುವಿನ ಹೆಸರು ಮಾತ್ರ ಬೇರೆ ಬೇರೆ. ಹೃದಯ ತುಂಬಿಸಿಕೊಂಡವರು ಒಬ್ಬರೇ, ನಮ್ಮ ಹೆಡ್ ಕ್ಲಾರ್ಕ್ ನಿಜಲಿಂಗಪ್ಪನವರು. ಅವರು ಲೋಣಾವಳಾ ದಾಟಿ ಆಚೆ ಹೋದವರಲ್ಲ.

ಇದರಲ್ಲಿ ಮೋಸವೇನೂ ಇರಲಿಲ್ಲ. ಸಂಚಿಕೆ ಏಪ್ರಿಲ್‌ನಲ್ಲಿ ಅಚ್ಚಾಗಬೇಕು, ಪ್ರವಾಸ ಹೊರಡುವುದು ಮೇ ತಿಂಗಳಲ್ಲಿ. ಹೋಗುವ ಮೊದಲೇ ಅನುಭವ ಬರೆದಿಡದೆ ಗತಿಯಿರಲಿಲ್ಲ. ಹೋಗಿ ಬಂದ ಮಕ್ಕಳು ಸಂಚಿಕೆ ತೆಗೆದು, ತಮಗೆ ಏನೇನು ಅನಿಸಿತ್ತು ಎಂದು ಓದಿ ತಿಳಿದುಕೊಳ್ಳುತ್ತಿದ್ದರು.

ನಾನು ರೇಣು. ತವರು ಜಮಖಂಡಿ, ಕೊಟ್ಟಿದ್ದು ಪುಣೆಗೆ. ಬಿಬವೇವಾಡಿಯ ಶ್ರೀ ಮೈಲಾರಲಿಂಗ ವಿದ್ಯಾಮಂದಿರದಲ್ಲಿ ಇಪ್ಪತ್ತಾರು ವರ್ಷ ಗ್ರಂಥಪಾಲಕಿಯಾಗಿದ್ದೆ. ಗ್ರಂಥಾಲಯ ಎಂದರೆ ಮೂರು ಕಪಾಟು, ಒಂದು ಮೇಜು, ಮತ್ತು ನಾನು. ನನ್ನ ಬಾಯಿ ಜೋರು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ಇರಲಿ. ಮೆತ್ತಗೆ ಮಾತಾಡುವವರಿಗೆ ಆ ಶಾಲೆಯಲ್ಲಿ ಏನು ಸಿಕ್ಕಿತು ಎಂಬುದಕ್ಕೆ ನಿಜಲಿಂಗಪ್ಪನವರೇ ಸಾಕ್ಷಿ.

ಶಾಲೆ ಕಟ್ಟಿದವರು ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದ ವ್ಯಾಪಾರಸ್ಥರು. ಅಧ್ಯಕ್ಷರು ಅಪ್ಪಾಸಾಹೇಬರು, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದೊಡ್ಡ ಅಂಗಡಿ. ಅವರ ಅಳಿಯ ಯಾವುದೋ ಜರ್ಮನ್ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿದ್ದ. ಆ ನಂಟಿನಿಂದ 1995ರಲ್ಲಿ ರೈನ್ ನದಿಯ ಬದಿಯ ಒಂದು ಸಣ್ಣ ಊರಿನ ಶಾಲೆಗೂ ನಮಗೂ ಬೀಗತನ ಬೆಳೆಯಿತು. ನವೆಂಬರಿನಲ್ಲಿ ಅವರ ಮಕ್ಕಳು ಇಲ್ಲಿಗೆ, ಮೇ ತಿಂಗಳಲ್ಲಿ ನಮ್ಮ ಮಕ್ಕಳು ಅಲ್ಲಿಗೆ. ಮರುವಾರವೇ ಬೋರ್ಡಿನ ಮೇಲೆ 'ಇಂಟರ್‌ನ್ಯಾಷನಲ್' ಎಂದು ಬರೆಸಿದರು. ನಲ್ಲಿ ಅದೇ ಇತ್ತು, ನೀರು ಬರುವ ಹೊತ್ತೂ ಅದೇ.

ಬದಲಾದದ್ದು ಇನ್ನೂ ಒಂದಿತ್ತು. ಅತಿಥಿಗಳಿಗೆಂದು ಅಧ್ಯಕ್ಷರ ಕೋಣೆಯ ಪಕ್ಕದಲ್ಲಿ ಕುರ್ಚಿಯಂತೆ ಕೂಡುವ ಸಂಡಾಸು ಕಟ್ಟಿಸಿದರು. ತೆಂಗಿನಕಾಯಿ ಒಡೆದು ಉದ್ಘಾಟನೆಯೂ ಆಯಿತು. ಅತಿಥಿಗಳು ಹೋದ ಮೇಲೆ ಅದಕ್ಕೆ ಬೀಗ ಹಾಕಿ ಕೀಲಿಯನ್ನು ನಿಜಲಿಂಗಪ್ಪನವರ ಕೈಗೆ ಕೊಟ್ಟರು. ಸೊಂಟ ಹಿಡಿದ ಮುದುಕ ಮಾಸ್ತರರೊಬ್ಬರು ಒಮ್ಮೆ ಆ ಕೀಲಿ ಕೇಳಿದ್ದಕ್ಕೆ ಅರ್ಜಿ ಬರೆದುಕೊಡಲು ಹೇಳಿದರು. ಅರ್ಜಿ ಮಂಜೂರಾಗುವ ಹೊತ್ತಿಗೆ ಮಾಸ್ತರರು ಮನೆಗೆ ಹೋಗಿಬಿಟ್ಟಿದ್ದರು.

ಪ್ರವಾಸದ ಕೆಲಸವೆಲ್ಲ ನಿಜಲಿಂಗಪ್ಪನವರದು. ಪಾಸ್‌ಪೋರ್ಟಿನ ಅರ್ಜಿ ತುಂಬುವುದು, ಪೊಲೀಸ್ ಚೌಕಿಗೆ ಅಲೆಯುವುದು, ವೀಸಾಕ್ಕೆ ಮುಂಬಯಿಯವರಿಗೆ ಪತ್ರ ಬರೆಯುವುದು, ಹೆದರಿದ ತಾಯಂದಿರಿಗೆ ಧೈರ್ಯ ಹೇಳುವುದು. ಜರ್ಮನಿಯ ಶಾಲೆಯ ಹೈಕೆ ಎಂಬ ಶಿಕ್ಷಕಿ ಕಳಿಸುವ ಪತ್ರ, ನಕಾಶೆ, ಚಿತ್ರದ ಕಾರ್ಡುಗಳನ್ನೆಲ್ಲ ಅವರು ಫೈಲು ಮಾಡಿ ಇಟ್ಟಿದ್ದರು. ಆ ಊರು ಅವರಿಗೆ ಬಾಯಿಪಾಠ. ಸ್ಟೇಶನ್ನಿನಿಂದ ಯಾವ ಬಸ್ಸು, ಎಷ್ಟನೇ ಸ್ಟಾಪು, ಚರ್ಚಿನ ಗಂಟೆ ಯಾವ ಹೊತ್ತಿಗೆ, ಎಲ್ಲ ಹೇಳುತ್ತಿದ್ದರು. ತಮ್ಮ ಬೀದಿಯಲ್ಲಿ ಹೊಸದಾಗಿ ಬಂದ ಬ್ಯಾಂಕು ಎಲ್ಲಿದೆ ಎಂದು ಕೇಳಿದರೆ ಮಾತ್ರ ಎರಡು ಸಲ ಯೋಚಿಸುತ್ತಿದ್ದರು.

ಮಕ್ಕಳ ಜೊತೆ ದೊಡ್ಡವರು ಇಬ್ಬರು ಹೋಗಬೇಕು. ಒಬ್ಬರು ಹೆಡ್‌ಮಿಸ್ಟ್ರೆಸ್, ಅದು ಖಾಯಂ. ಇನ್ನೊಂದು ಜಾಗ ಪ್ರತಿ ವರ್ಷವೂ ನಿಜಲಿಂಗಪ್ಪನವರದೇ, ಮಾರ್ಚ್ ತಿಂಗಳವರೆಗೆ. ಏಪ್ರಿಲ್‌ನಲ್ಲಿ ಅಪ್ಪಾಸಾಹೇಬರು ಕರೆದು, "ನಿಜಲಿಂಗಪ್ಪಾ, ಬರೂ ವರ್ಷ ನೀ ಹೋಗಾಂವ, ಪಕ್ಕಾ" ಎನ್ನುತ್ತಿದ್ದರು. ಒಂದು ವರ್ಷ ಅಧ್ಯಕ್ಷರ ಹೆಂಡತಿ ಸಾಂಸ್ಕೃತಿಕ ಮಾರ್ಗದರ್ಶಕಿ ಆಗಿ ಹೋದರು. ಒಂದು ವರ್ಷ ಅವರ ಷಡ್ಡಕರು ಯೋಗ ಕಲಿಸಲು ಹೋದರು. ಆ ಮನುಷ್ಯ ಕೆಳಗೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಹೈಕೆ ಬಾಯಿ ಪ್ರತಿ ನವೆಂಬರಿನಲ್ಲಿ ಬಂದಾಗ ನಿಜಲಿಂಗಪ್ಪನವರ ಮೇಜಿನ ಮುಂದೆ ನಿಂತು, ನೀವು ಯಾವಾಗ ಬರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳುವಳು. ಇವರು "ನೆಕ್ಸ್ಟ್ ಇಯರ್" ಎನ್ನುವರು.

ಲೋಣಾವಳಾದ ಮಾತು ಹೇಳುತ್ತೇನೆ. ಮುಂಬಯಿಗೆ ಹೋಗುವ ಬಸ್ಸು ಚಿಕ್ಕಿ ಕೊಳ್ಳಲು ಲೋಣಾವಳಾದಲ್ಲಿ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಪಾಸ್‌ಪೋರ್ಟುಗಳೆಲ್ಲ ನಿಜಲಿಂಗಪ್ಪನವರ ಚೀಲದಲ್ಲಿ. ಮಕ್ಕಳು ಚಿಕ್ಕಿ ಕೊಂಡು ಕೈ ಒರೆಸಿಕೊಂಡ ಮೇಲೆ ಒಬ್ಬೊಬ್ಬರನ್ನೇ ಕರೆದು ಕೊಟ್ಟು, ತಾವು ಅಲ್ಲೇ ಇಳಿದು, ಲೋಕಲ್ ರೈಲು ಹಿಡಿದು ಪುಣೆಗೆ ವಾಪಸು. ಎಂಟು ವರ್ಷ ಅವರ ಜರ್ಮನಿ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿ ಶಿವಬಸವ್ವನಿಗೆ ಕಾಲು ಕಿಲೋ ಚಿಕ್ಕಿ ಒಯ್ಯುತ್ತಿದ್ದರು.

2003ನೇ ಇಸವಿ ಅವರ ಕೊನೆಯ ಅವಕಾಶ. ಆ ವರ್ಷ ಮೇ ಮೂವತ್ತೊಂದಕ್ಕೆ ನಿವೃತ್ತಿ, ಏಕೆಂದರೆ ಅವರ ಜನ್ಮದಿನಾಂಕ ಜೂನ್ 1, 1945. ಇದನ್ನು ಓದಿ ನಮ್ಮ ಕಡೆಯವರು ಈಗಾಗಲೇ ನಗುತ್ತಿರಬೇಕು. ಇಂಡಿ ತಾಲೂಕಿನ ಅವರ ಹಳ್ಳಿಯಲ್ಲಿ ಶಾಲೆಗೆ ಹೆಸರು ಹಚ್ಚುವ ದಿನ ತಾಯಿ ಮಾನಮ್ಮ ಮಗನನ್ನು ಮಾಸ್ತರರ ಮುಂದೆ ನಿಲ್ಲಿಸಿದ್ದಳು. ಯಾವಾಗ ಹುಟ್ಟಿದ ಎಂದರೆ, ಕರಿಯೆಮ್ಮೆ ಎರಡನೇ ಸಲ ಈದಾಗ ಎಂದಳು. ಸರಕಾರದ ಪುಸ್ತಕದಲ್ಲಿ ಎಮ್ಮೆಗೆ ಕಾಲಂ ಇರಲಿಲ್ಲ. ಮಾಸ್ತರರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆರು ವರ್ಷ ಎಂದು ಅಂದಾಜು ಮಾಡಿ, ಜೂನ್ ಒಂದು ಎಂದು ಬರೆದರು. ಅವನ ಹಿಂದೆ ನಿಂತವನಿಗೂ ಅದೇ, ಅವನ ಹಿಂದಿನವನಿಗೂ ಅದೇ. ಆ ಲೆಕ್ಕದಲ್ಲಿ ಆ ಹಳ್ಳಿಯಲ್ಲಿ ಒಂದೇ ದಿನ ಇಪ್ಪತ್ತೇಳು ಮಕ್ಕಳು ಹುಟ್ಟಿದ್ದಾರೆ. ಸೂಲಗಿತ್ತಿಗೆ ಅವತ್ತು ನೀರು ಕುಡಿಯಲೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ.

ಆ ಮಾಸ್ತರರ ವಿದ್ಯೆ ನಿಜಲಿಂಗಪ್ಪನವರ ಜೊತೆ ಪುಣೆಗೂ ಬಂತು. ನಮ್ಮಲ್ಲಿ ಬಡವರಿಗೆಂದು ಒಂದು ಕನ್ನಡ ವಿಭಾಗವಿತ್ತು. ಸುರಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಮಕ್ಕಳನ್ನು ಕರೆತಂದರೆ ಹುಟ್ಟಿದ ದಾಖಲೆ ಯಾರ ಹತ್ತಿರವೂ ಇರುತ್ತಿರಲಿಲ್ಲ. ಇವರು ಮಗುವಿನ ಹಲ್ಲು ನೋಡಿ, ಕೈಯನ್ನು ತಲೆಯ ಮೇಲಿಂದ ತಂದು ಕಿವಿ ಮುಟ್ಟಿಸಿ ನೋಡಿ, ಮುತ್ತಿನಂಥ ಅಕ್ಷರದಲ್ಲಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಇಂಗ್ಲಿಷ್ ವಿಭಾಗದ ಮಕ್ಕಳು ವರ್ಷವಿಡೀ ಹುಟ್ಟುತ್ತಿದ್ದರು. ಕೂಲಿಯವರ ಮಕ್ಕಳೆಲ್ಲ ಒಂದೇ ದಿನ.

ಶರಣಮ್ಮ ಬಂದದ್ದೂ ಹೀಗೆಯೇ, 1994ರಲ್ಲಿ. ಆಗ ಶಾಲೆಯ ಎರಡನೇ ಮಹಡಿ ಏಳುತ್ತಿತ್ತು. ಅವಳ ತಾಯಿ ಮರೆಮ್ಮ ಇಟ್ಟಿಗೆ ಹೊರುತ್ತಿದ್ದಳು, ಹುಡುಗಿ ಉಸುಕಿನ ಗುಡ್ಡೆಯ ಮೇಲೆ ಕೂತು ಕಿಟಕಿಯೊಳಗಿನ ಪಾಠ ಕೇಳಿ ಒದರುತ್ತಿದ್ದಳು. ನಿಜಲಿಂಗಪ್ಪನವರೇ ಕರೆದು ಹೆಸರು ಹಚ್ಚಿದರು. "ಜೇಜುರಿ ಜಾತ್ರ್ಯಾಗ ಹುಟ್ಟ್ಯಾಳ್ರಿ, ರಸ್ತೆ ಕೆಲಸಕ್ಕ ಹೋದಾಗ" ಎಂದು ಮರೆಮ್ಮ ಹೇಳಿದ್ದಳು. ಜೇಜುರಿಯ ಖಂಡೋಬನ ಜಾತ್ರೆ ಡಿಸೆಂಬರಿನಲ್ಲಿ. ಆ ಲೆಕ್ಕದಲ್ಲಿ ಹುಡುಗಿಗೆ ಐದೂವರೆ, ಒಂದನೇ ತರಗತಿಗೆ ಆರು ಬೇಕು. ಒಂದು ವರ್ಷ ಬಿಟ್ಟರೆ ಅವಳ ತಲೆಯ ಮೇಲೂ ಇಟ್ಟಿಗೆ ಏರುತ್ತಿತ್ತು. ಇವರು ಅವಳನ್ನು ಆರು ತಿಂಗಳು ಮುಂಚಿತವಾಗಿ ಹುಟ್ಟಿಸಿದರು: ಜೂನ್ 1, 1988.

ಹುಡುಗಿ ಚುರುಕು. ಐದನೇ ತರಗತಿಯಲ್ಲಿ ಅವಳನ್ನು ಇಂಗ್ಲಿಷ್ ವಿಭಾಗಕ್ಕೆ ಹಾಕಿಸಿದೆವು. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ಕೂಡುತ್ತಿದ್ದಳು. ಹೈಕೆ ಬಾಯಿ ಕೊಟ್ಟುಹೋದ ಜರ್ಮನ್ ಚಿತ್ರಪುಸ್ತಕಗಳು ಮೂರನೇ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಎಲ್ಲವನ್ನೂ ಅವಳೊಬ್ಬಳೇ ಓದಿ ಮುಗಿಸಿದಳು. ಶನಿವಾರದ ಜರ್ಮನ್ ತರಗತಿಯಲ್ಲಿ ಉಳಿದವರು ಒಂದರಿಂದ ಹತ್ತು ಎಣಿಸುವ ಹೊತ್ತಿಗೆ ಇವಳು ಆ ಭಾಷೆಯಲ್ಲಿ ನನ್ನನ್ನು ಬೈಯುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ, ಆದರೆ ಹೆಮ್ಮೆಯಾಗುತ್ತಿತ್ತು.

ಆದರೆ ಜರ್ಮನಿಗೆ ಹೋಗುವುದು ಅಂಥ ಮಕ್ಕಳ ಹಣೆಬರಹವಾಗಿರಲಿಲ್ಲ. ಹೋಗುತ್ತಿದ್ದವರು ವಿಶ್ವಸ್ತರ ಮೊಮ್ಮಕ್ಕಳು, ಅವರ ಗೆಳೆಯರು. ಅವರು ಅಲ್ಲಿಂದ ಬಂದು ಸಭೆಯಲ್ಲಿ, ಅಲ್ಲಿಯವರ ಶಿಸ್ತು ಭಾಳ ಚೆಂದ, ಯಾರೂ ಸರದಿ ತಪ್ಪಿಸುವುದಿಲ್ಲ ಎಂದು ಭಾಷಣ ಮಾಡಿ, ಆಮೇಲೆ ಸರದಿ ತಪ್ಪಿಸಿ ಮೊದಲು ಜಿಲೇಬಿ ತಿನ್ನುತ್ತಿದ್ದರು. 2002ರ ನವೆಂಬರಿನಲ್ಲಿ ಹೈಕೆ ಬಾಯಿಗೆ ಸಾಕಾಗಿತ್ತು. ಹಿಂದಿನ ಮೇ ತಿಂಗಳಲ್ಲಿ ಬಂದ ಹನ್ನೆರಡು ಮಕ್ಕಳಲ್ಲಿ ಒಬ್ಬರಿಗೂ ಅವರ ಭಾಷೆಯಲ್ಲಿ ಧನ್ಯವಾದ ಹೇಳಲು ಬಂದಿರಲಿಲ್ಲವಂತೆ. ಈ ಸಲ ನಾನೇ ಪರೀಕ್ಷೆ ಮಾಡುತ್ತೇನೆ, ಮೊದಲ ಹನ್ನೆರಡು ಮಂದಿ ಬರಲಿ, ಖರ್ಚು ನಮ್ಮದೇ ಎಂದಳು. ಖರ್ಚಿನ ಮಾತು ಕೇಳಿ ಅಪ್ಪಾಸಾಹೇಬರು ತಕ್ಷಣ ಒಪ್ಪಿದರು. ಫಲಿತಾಂಶ ಬಂದಾಗ ಮೊದಲ ಹೆಸರು ಶರಣಮ್ಮ. ಹದಿಮೂರನೇ ಹೆಸರು ರೋಹಿತ, ಅಪ್ಪಾಸಾಹೇಬರ ಮೊಮ್ಮಗ.

ಜನವರಿಯಲ್ಲಿ ನಿಜಲಿಂಗಪ್ಪನವರು ಹನ್ನೆರಡು ಮಕ್ಕಳ ಮತ್ತು ಇಬ್ಬರು ದೊಡ್ಡವರ ಯಾದಿಯನ್ನು ಜನ್ಮದಿನಾಂಕ ಸಮೇತ ಫ್ಯಾಕ್ಸ್ ಮಾಡಿದರು. ದೊಡ್ಡವರಲ್ಲಿ ಎರಡನೆಯ ಹೆಸರು ತಮ್ಮದೇ. ನಾಲ್ಕನೇ ದಿನ ಉತ್ತರ ಬಂತು. ಅಲ್ಲಿಯ ವಿಮೆಯ ನಿಯಮದ ಪ್ರಕಾರ ವಾಪಸು ಹೊರಡುವ ದಿನದವರೆಗೆ ಮಕ್ಕಳಿಗೆ ಹದಿನೈದು ತುಂಬಿರಬಾರದು. ವಾಪಸು ಹೊರಡುವುದು ಜೂನ್ ನಾಲ್ಕಕ್ಕೆ. ಶರಣಮ್ಮನಿಗೆ ಜೂನ್ ಒಂದಕ್ಕೆ ಹದಿನೈದು ತುಂಬುತ್ತದೆ. ಬಹಳ ದುಃಖವಾಗುತ್ತಿದೆ, ಬೇರೆ ಮಗುವಿನ ಹೆಸರು ಕಳಿಸಿ ಎಂದು ಹೈಕೆ ಬಾಯಿ ಬರೆದಿದ್ದಳು. ಮೂರು ದಿನಕ್ಕೆ ನಮ್ಮ ಹುಡುಗಿ ದೊಡ್ಡವಳಾಗಿಬಿಟ್ಟಳು.

ಅವತ್ತು ಸಂಜೆ ನಾನು ಸಂಚಿಕೆಯ ಪ್ರೂಫು ಹಿಡಿದು ಅಧ್ಯಕ್ಷರ ಕೋಣೆಯಲ್ಲಿ ನಿಂತಿದ್ದೆ. ಅಪ್ಪಾಸಾಹೇಬರು ನಿಜಲಿಂಗಪ್ಪನವರನ್ನು ಕರೆಸಿದರು. ಎಂಟು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು.

"ಈ ಸಲ ನೀ ಹೋಗಾಂವ, ನಿಜಲಿಂಗಪ್ಪಾ. ಮೂವತ್ತೊಂದಕ್ಕ ನಿನ್ನ ನೌಕರಿ ಮುಗೀತದ, ಪ್ರವಾಸ ನಾಲ್ಕರ ತನಕ ಅದ. ಆ ನಾಲ್ಕ ದಿನ ಹೆಚ್ಚಿಗಿ ಕೊಟ್ಟು ಠರಾವ್ ಮಾಡೂಣು."

"ಭಾಳ ಉಪಕಾರ ಆತ್ರಿ ಸಾಹೇಬರ."

"ಆ ಹುಡುಗೀದು ಮಾತ್ರ ಅಲ್ಲಿಗೇ ಬಿಡು. ನಿಯಮ ಅಂದ್ರ ನಿಯಮ. ಅಕಿ ತಾರೀಖು ತಿದ್ದತೀನಿ ಅಂತ ರಜಿಸ್ಟರ್ ತಗದಿ ಅಂದ್ರ, ಎಲ್ಲಾರ ತಾರೀಖೂ ನೋಡ್ತಾರ."

ಎಲ್ಲರ ತಾರೀಖು ಎಂದರೆ ಯಾರ ತಾರೀಖು ಎಂದು ನನಗೆ ಗೊತ್ತಿತ್ತು. ರೋಹಿತ ಹುಟ್ಟಿದ್ದಕ್ಕೆ ಅಪ್ಪಾಸಾಹೇಬರು ಶಾಲೆಗೆಲ್ಲ ಪೇಢೆ ಹಂಚಿದ್ದು 1988ರ ಫೆಬ್ರುವರಿಯಲ್ಲಿ. ನಾನು ಎರಡು ತಿಂದಿದ್ದೆ. ರಜಿಸ್ಟರಿನಲ್ಲಿ ಅವನು ಹುಟ್ಟಿದ್ದು 1989ರ ಫೆಬ್ರುವರಿಯಲ್ಲಿ, ಹದಿನಾಲ್ಕರೊಳಗಿನ ಕ್ರಿಕೆಟ್ ತಂಡಕ್ಕೆ ಅನುಕೂಲವಾಗಲೆಂದು. ಕೂಲಿಯವರ ಮಗಳ ತಾರೀಖು ಅಂದಾಜಿನದು, ಸಾಹುಕಾರರ ಮೊಮ್ಮಗನದು ತಯಾರು ಮಾಡಿದ್ದು. ಎರಡರ ಅಕ್ಷರವೂ ಒಬ್ಬರದೇ. ನಿಜಲಿಂಗಪ್ಪನವರು ಕೈ ಮುಗಿದು ಎದ್ದು ಬಂದರು.

ಮನೆಯಲ್ಲಿ ಶಿವಬಸವ್ವ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಲು ಶುರುಮಾಡಿದರು. ಸ್ಟೇಶನ್ನಿನ ಹತ್ತಿರ ಟಿಬೆಟಿನವರು ಹಾಕಿದ ಅಂಗಡಿಯಿಂದ ಒಂದು ಕಂದು ಸ್ವೆಟರ್ ಬಂತು. ಮರುದಿನ ನಿಜಲಿಂಗಪ್ಪನವರು ಆ ಸ್ವೆಟರನ್ನು ಆಫೀಸಿಗೆ ತಂದು ನನಗೆ ತೋರಿಸಿದರು. ನಾನು ಮುಟ್ಟಲಿಲ್ಲ. "ಛಲೋ ಅದ. ಬೆಚ್ಚಗ ಹಾಕ್ಕೊಂಡು ಹೋಗಿ ಬರ್ರಿ" ಎಂದೆ. ನನ್ನ ಬಾಯಿ ಎಂಥದೆಂದು ಮೊದಲೇ ಹೇಳಿದ್ದೇನೆ.

ಮೂರು ದಿನ ಬಿಟ್ಟು ಮರೆಮ್ಮ ಬಂದಳು. ತಲೆಯ ಮೇಲಿನ ಸಿಂಬಿಯನ್ನು ಕೂಡ ತೆಗೆದಿರಲಿಲ್ಲ, ಕೆಲಸದ ನಡುವೆ ಎದ್ದು ಬಂದಿದ್ದಳು. ನನ್ನ ಬಾಗಿಲಿನಿಂದ ಆಫೀಸು ಕಾಣುತ್ತದೆ, ಎಲ್ಲ ಕೇಳಿಸುತ್ತದೆ.

"ನಮ್ಮ ಹುಡುಗಿ ಮೂರ ದಿನಕ್ಕ ದೊಡ್ಡಾಕಿ ಆಗ್ಯಾಳಂತ್ರಿ. ಹೌದೇನ್ರಿ ಅಪ್ಪಾರ?"

"ಹೌದವ್ವಾ. ಪುಸ್ತಕದಾಗ ಹಂಗ ಅದ."

"ಹಡದಾಕಿ ನಾನು. ಜೇಜುರಿ ದವಾಖಾನ್ಯಾಗ ಹಡದೀನಿ, ಹೊರಗ ಭಂಡಾರ ಹಾರಸಾಕ್ಹತ್ತಿದ್ರು, ಕೂಸಿನ ಮ್ಯಾಲೂ ಬಿದ್ದಿತ್ತು. ನಿಮಗ ಅವತ್ತ ಹೇಳಿದ್ನೆಲ್ರಿ. ನೀವು ಕೇಳಿದಂಗ ಮಾಡಿ ಬ್ಯಾರೆ ಬರದ್ರಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಸಾಲಿ ಕಲಿಸೀರಿ. ಆದ್ರ ಮೂರ ದಿನದಿಂದ ಅಕಿ ಉಂಡಿಲ್ರಿ."

ನಿಜಲಿಂಗಪ್ಪನವರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು. ಮರೆಮ್ಮ ಕೆಲಸಕ್ಕೆ ಹೋದಳು. ನಾನು ಸೀದಾ ಒಳಗೆ ಹೋಗಿ ಕೇಳಿದೆ: "ನಿಜಲಿಂಗಣ್ಣಾ, ನಿಮ್ಮ ಹಳ್ಳಿ ಮಾಸ್ತರು ಸತ್ತ ಎಷ್ಟ ವರ್ಷಾತ್ರಿ?"

"ನಲವತ್ತರ ಮ್ಯಾಲಾತ್ರಿ ಅಕ್ಕೋರ. ಯಾಕ?"

"ಸತ್ತಾನ ಅಂತ ಅನಸಲಿಲ್ಲ, ಅದಕ್ಕ ಕೇಳಿದೆ."

ಅವರಿಗೆ ಸಿಟ್ಟು ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಮೇಲೆ ಸಿಟ್ಟು ಮಾಡಿದರು. "ಎಂಟ ವರ್ಷ ಕಾದೀನಿ ನಾ. ನಿಮಗೇನು ಗೊತ್ತು" ಎಂದರು. ನನಗೆ ಗೊತ್ತಿತ್ತು. ಅದಕ್ಕೇ ನನ್ನ ಮೇಜಿಗೆ ವಾಪಸು ಬಂದೆ.

ಸೋಮವಾರ ಅವರು ರಜೆ ಹಾಕಿದರು. ಮರೆಮ್ಮನನ್ನು ಕರೆದುಕೊಂಡು ಎಸ್‌ಟಿ ಬಸ್ಸಿನಲ್ಲಿ ಜೇಜುರಿಗೆ ಹೋದರು. ಮಂಗಳವಾರ ಬಂದಾಗ ಅಂಗಿಯ ಕಾಲರಿನ ತುಂಬ ಭಂಡಾರದ ಅರಿಶಿನ. ಚೀಲದಲ್ಲಿ ಅಲ್ಲಿಯ ದವಾಖಾನೆಯ ಹೆರಿಗೆ ಪುಸ್ತಕದ ನಕಲು, ಸಿಕ್ಕೆ ಸಮೇತ: ಡಿಸೆಂಬರ್ 14, 1988, ಮರೆಮ್ಮ, ಹೆಣ್ಣು. ಹದಿನಾಲ್ಕು ವರ್ಷದಿಂದ ಪುಣೆಯಿಂದ ಎರಡು ತಾಸಿನ ಹಾದಿಯಲ್ಲಿ ಆ ತಾರೀಖು ಯಾರಾದರೂ ಬಂದು ಕೇಳಲಿ ಎಂದು ಕೂತಿತ್ತು.

ಆಮೇಲೆ ಅವರು ಕೂತು ಬರೆದರು, ಅದೇ ಮುತ್ತಿನಂಥ ಅಕ್ಷರದಲ್ಲಿ. "ಸದರಿ ವಿದ್ಯಾರ್ಥಿನಿಯ ಜನ್ಮದಿನಾಂಕವನ್ನು ತಾಯಿ ಹೇಳಿದಂತೆ ಬರೆಯದೆ, ಯಾವ ಪುರಾವೆಯೂ ಇಲ್ಲದೆ ನಾನು ನನ್ನ ಮನಸ್ಸಿಗೆ ಬಂದಂತೆ ಬರೆದಿರುತ್ತೇನೆ. ತಪ್ಪು ಸಂಪೂರ್ಣ ನನ್ನದು." ಒಂದು ಪ್ರತಿ ಅಧ್ಯಕ್ಷರಿಗೆ, ಒಂದು ಶಿಕ್ಷಣ ಇಲಾಖೆಗೆ, ಇಂಗ್ಲಿಷಿನಲ್ಲಿ ಒಂದು ಹೈಕೆ ಬಾಯಿಗೆ. ಮೂರಕ್ಕೂ ಹೊರಹೋಗುವ ಕಾಗದದ ಜಾವಕ್ ನಂಬರ್ ಹಾಕಿ, ಹೊರಗಿನ ಎರಡನ್ನು ಅಂಚೆಗೆ ಹಾಕಿ ಬಂದ ಮೇಲೆಯೇ ಅಧ್ಯಕ್ಷರ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟರು. ನಂಬರ್ ಬಿದ್ದು ಹೊರಗೆ ಹೋದ ಕಾಗದವನ್ನು ಹರಿಯಲು ಬ್ರಹ್ಮನಿಂದಲೂ ಸಾಧ್ಯವಿಲ್ಲ. ಮೂವತ್ತೈದು ವರ್ಷದ ಗುಮಾಸ್ತಗಿರಿಯಲ್ಲಿ ಅವರು ಕಲಿತ ಅಸ್ತ್ರ ಅದೊಂದೇ, ಅದನ್ನು ಅವತ್ತು ಬಿಟ್ಟರು.

ಅಪ್ಪಾಸಾಹೇಬರು ಕೂಗಾಡಲಿಲ್ಲ. ಬೆಲ್ಲದ ವ್ಯಾಪಾರಿ, ಮಾತು ಯಾವಾಗಲೂ ಸಿಹಿ. ಠರಾವು ಮಾಡಿದರು: "ಜೂನ್ ಒಂದರಿಂದ ಸದರಿ ಗುಮಾಸ್ತರು ಸಂಸ್ಥೆಗೆ ಹೊರಗಿನವರಾಗುವುದರಿಂದ, ಹೊರಗಿನವರ ಕೈಗೆ ಮಕ್ಕಳನ್ನು ಒಪ್ಪಿಸಲು ಬರುವುದಿಲ್ಲ." ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವ ಕೆಲಸ ನಿಜಲಿಂಗಪ್ಪನವರದೇ. ಬರೆದರು. ಅವರ ಬದಲಿಗೆ ವ್ಯಾಯಾಮದ ಮಾಸ್ತರ ಕೃಷ್ಣಾಜಿ ಹೋಗುವುದೆಂದಾಯಿತು. ಅಧ್ಯಕ್ಷರ ಮನೆಯ ಮದುವೆಗಳಲ್ಲಿ ಊಟದ ಪಂಕ್ತಿ ನೋಡಿಕೊಳ್ಳುವ ಮನುಷ್ಯ ಅವನು.

ಇಷ್ಟೆಲ್ಲ ಹೆದರಿದ ರಜಿಸ್ಟರಿನ ತಪಾಸಣೆ ಏನಾಯಿತು ಕೇಳಿ. ಇಲಾಖೆಯಿಂದ ಒಬ್ಬರು ಬಂದರು. ಒಂದೇ ಪುಟ ನೋಡಿದರು. ಶರಣಮ್ಮನ ತಾರೀಖಿನ ಎದುರು ಕೆಂಪು ಶಾಯಿಯಲ್ಲಿ ಸಹಿ ಹಾಕಿ, ಚಹಾ ಕುಡಿದು ಹೋದರು. ಹೈಕೆ ಬಾಯಿಯೂ ಶರಣಮ್ಮ ಬರಲಿ ಎಂದು ಫ್ಯಾಕ್ಸ್ ಕಳಿಸಿದಳು. ರೋಹಿತನ ಪುಟ ಯಾರೂ ತಿರುವಲಿಲ್ಲ. ಅವನು ಇವತ್ತಿಗೂ ತನ್ನ ವಯಸ್ಸಿಗಿಂತ ಒಂದು ವರ್ಷ ಚಿಕ್ಕವನೇ.

ಏಪ್ರಿಲ್‌ನಲ್ಲಿ ಸಂಚಿಕೆ ಅಚ್ಚಿಗೆ ಹೋಗುವಾಗ ನಾನು 'ಪ್ರವಾಸದ ಅನುಭವ' ಕೇಳಿದೆ. "ಈ ಸಲ ನಾ ಬರಿಯೂದಿಲ್ರಿ ಅಕ್ಕೋರ. ಹೋಗಿ ಬಂದು ಅಕಿನ ಬರೀಲಿ" ಎಂದರು. ಆ ವರ್ಷದ ಸಂಚಿಕೆಯಲ್ಲಿ ಆ ಎರಡು ಪುಟ ಖಾಲಿ ಉಳಿದವು. ಬೆಲ್ಲದ ಅಂಗಡಿಯ ಜಾಹೀರಾತು ಹಾಕಿ ತುಂಬಿಸಿದರು.

ಮೇ ಹನ್ನೆರಡಕ್ಕೆ ಬಸ್ಸು ಹೊರಟ ದಿನ ನಾನೂ ಲೋಣಾವಳಾದವರೆಗೆ ಹೋದೆ. ಚಿಕ್ಕಿ ಅಂಗಡಿಯ ಮುಂದೆ ಪಾಸ್‌ಪೋರ್ಟು ಹಂಚಿದರು. ಕೊನೆಗೆ ಶರಣಮ್ಮನನ್ನು ಕರೆದು ಅವಳದನ್ನು ಕೊಟ್ಟು, ಚೀಲದಿಂದ ಆ ಕಂದು ಸ್ವೆಟರ್ ತೆಗೆದು ಅದನ್ನೂ ಕೊಟ್ಟರು. ತೋಳು ಅವಳ ಬೆರಳು ದಾಟಿ ಒಂದು ಗೇಣು ಉದ್ದವಾಗಿತ್ತು.

"ಸ್ಟೇಶನ್ನಿಂದ ಏಳನೇ ನಂಬರ್ ಬಸ್ ಹಿಡೀರಿ. ಮೂರನೇ ಸ್ಟಾಪಿಗೆ ಇಳದ್ರ ಎಡಕ್ಕ ಬ್ರೆಡ್ಡಿನ ಅಂಗಡಿ, ಅದರ ಹಿಂದ ಸಾಲಿ."

"ನೀವು ನೋಡೀರೇನ್ರಿ ಕಾಕಾ?"

"ಎಂಟ ಸಲ ಬರದೀನವ್ವಾ."

ವಾಪಸು ಬರುವಾಗ ಲೋಕಲ್ ರೈಲು ಖಾಲಿಯಿತ್ತು. ತಳೇಗಾಂವ್ ದಾಟುವವರೆಗೆ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಆಮೇಲೆ, "ಅಕ್ಕೋರ, ನನಗ ಭಾಳ ಹೋಗಬೇಕಾಗಿತ್ರಿ" ಎಂದರು. "ಮಾಡಿದ್ದು ಛಲೋ ಆತು ಅಂತ ಗೊತ್ತದ. ಆದ್ರೂ ಹೊಟ್ಟಿ ಉರೀತದ." ನಾನು ಶೇಂಗಾ ಚಿಕ್ಕಿಯ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದೆ. ಒಂದು ತುಂಡು ತೆಗೆದುಕೊಂಡರು.

ಮೇ ಮೂವತ್ತೊಂದು ಶನಿವಾರ. ಶಾಲೆಗೆ ಬೇಸಿಗೆ ರಜೆ, ಬೀಳ್ಕೊಡುಗೆಗೆ ಇದ್ದವರು ಇಬ್ಬರು ಸಿಪಾಯಿಗಳು ಮತ್ತು ನಾನು. ಅಪ್ಪಾಸಾಹೇಬರು ಬರಲಿಲ್ಲ, ಶಾಲು ಕಳಿಸಿದ್ದರು. ನಿಜಲಿಂಗಪ್ಪನವರು ಫೈಲುಗಳ ಯಾದಿ ಮಾಡಿ, ವಿದೇಶಿ ಸಂಡಾಸಿನ ಕೀಲಿಯನ್ನು ಅದರ ಮೇಲಿಟ್ಟು, ಮನೆಗೆ ನಡೆದರು.

ಜೂನ್ ಐದಕ್ಕೆ ಮಕ್ಕಳು ಬಂದರು. ಮರುದಿನ ಶಿವಬಸವ್ವ ನನ್ನನ್ನು ಊಟಕ್ಕೆ ಕರೆದಿದ್ದರು. ಊಟ ಮುಗಿದು ಚಹಾಕ್ಕೆ ನೀರಿಡುವ ಹೊತ್ತಿಗೆ ಶರಣಮ್ಮ ಬಂದಳು. ಆ ಸೆಕೆಯಲ್ಲಿ ಅದೇ ಸ್ವೆಟರ್ ಹಾಕಿದ್ದಳು, ಕೈಯಲ್ಲಿ ಒಂದು ತಗಡಿನ ಡಬ್ಬಿ. ಕೂತವಳೇ ಹೇಳಲು ಶುರುಮಾಡಿದಳು. ಬಸ್ಸು ಏಳನೇ ನಂಬರ್ ಅಲ್ಲ, ಅದು ಬದಲಾಗಿದೆ. ಬ್ರೆಡ್ಡಿನ ಅಂಗಡಿ ಇದ್ದಲ್ಲೇ ಇದೆ. ರೈನ್ ನದಿಯ ದಡದಲ್ಲಿ ಹೃದಯ ಗಿದಯ ಏನೂ ತುಂಬಲಿಲ್ಲ, ಚಳಿಗೆ ಮೂಗು ಸೋರಿತು. ನಿಜಲಿಂಗಪ್ಪನವರು ಶಿಷ್ಯನಂತೆ ಕೂತು ಕೇಳಿದರು.

"ಜೂನ್ ಒಂದಕ್ಕ ಏನಾತು ಗೊತ್ತೇನ್ರಿ ಕಾಕಾ? ಅಲ್ಲೆ ಹುಟ್ಟಿದ ದಿನದ ಮಾತು ಮೊದಲ ಆಡಂಗಿಲ್ಲಂತ, ಅಪಶಕುನ ಅಂತ. ಅದಕ್ಕ ಯಾರೂ ಏನೂ ಕೇಳಿರಲಿಲ್ಲ. ನೀವು ಜನವರಿದಾಗ ಯಾದಿ ಕಳಿಸಿದ್ರೆಲ್ಲ, ಅದನ್ನ ಸಾಲಿ ಅಡಗೀಮನಿ ಗ್ವಾಡಿಗೆ ಹಚ್ಚಿದ್ರು. ಆಮ್ಯಾಲೆ ಯಾರೂ ತಿದ್ದಿಲ್ಲ. ಹಾಲ್‌ನ್ಯಾಗ ದೊಡ್ಡ ಕೇಕ್ ತಂದ್ರು. ಸಕ್ಕರ್‍ಯಾಗ ಎರಡ ಹೆಸರು ಬರದಿದ್ರು, ನಿಮ್ದು, ನಂದು. ಎಲ್ಲಾರೂ ಎದ್ದು ನಿಂತು ಹಾಡಿದ್ರು. ಕೃಷ್ಣಾಜಿ ಸರ್ ಮುಂದ ಹೋಗಿ ಮೇಣಬತ್ತಿ ಊದಿಬಿಟ್ರು."

"ಕೇಕ್ ಕಂಡ್ರ ಅಂವ ಯಾರ ಹೆಸರೀಲೆ ಬೇಕಾದ್ರೂ ಊದ್ತಾನ" ಎಂದೆ ನಾನು.

"ನಾ ನಿಂತು ಜರ್ಮನ್‌ದಾಗ ಹೇಳಿದೆ. ಇವತ್ತ ನಾ ಹುಟ್ಟಿಲ್ಲ, ನಾ ಹುಟ್ಟಿದ್ದು ಡಿಸೆಂಬರ್‌ದಾಗ. ಸಾಲಿಗೆ ಹಚ್ಚಾಕ ನನ್ನ ಹತ್ರ ತಾರೀಖು ಇರಲಿಲ್ಲ, ನಮ್ಮ ಕಾಕಾ ತಮ್ಮ ಹುಟ್ಟಿದ ದಿನ ನನಗ ಕೊಟ್ಟಿದ್ರು ಅಂತ. ಹೈಕೆ ಬಾಯಿ ಅಳಾಕ ಹತ್ತಿದ್ಳು. ನಿಮ್ಮ ಹೆಸರಿಂದು ಅರ್ಧಾ ಯಾರಿಗೂ ಮುಟ್ಟಗೊಡಲಿಲ್ಲ. ಇದರಾಗ ಹಾಕಿ ಕೊಟ್ಟಾಳ್ರಿ."

ಡಬ್ಬಿ ತೆಗೆದಳು. ಐದು ದಿನದ ಕೇಕು, ವಿಮಾನದಲ್ಲಿ ಅಲ್ಲಾಡಿ ಮೂಲೆ ಮುರಿದಿತ್ತು. ಸಕ್ಕರೆಯ ಅಕ್ಷರಗಳಲ್ಲಿ ಮೊದಲ ನಾಲ್ಕೈದು ಉಳಿದಿದ್ದವು. ನಿಜಲಿಂಗಪ್ಪನವರು ಅದನ್ನು ಬಹಳ ಹೊತ್ತು ನೋಡಿದರು. ಅವರು ಊರಿನ ಮಕ್ಕಳ ಹೆಸರನ್ನೆಲ್ಲ ಬರೆದವರು. ಅವರ ಹೆಸರನ್ನು ಬೇರೆಯವರು ಬರೆದದ್ದು ಅವರು ಹೆಚ್ಚು ಕಂಡವರಲ್ಲ.

"ಅದು ನನ್ನ ತಾರೀಖೂ ಅಲ್ಲವ್ವಾ. ನಮ್ಮ ಮಾಸ್ತರು ಕೊಟ್ಟಿದ್ದು" ಎಂದರು.

"ಹಂಗಾರ ನಿಮ್ಮ ಖರೇ ತಾರೀಖು ಯಾವುದ್ರಿ? ಜೇಜುರಿಗೆ ಹೋದಂಗ ಹೋಗಿ ಹುಡುಕೂಣು."

"ಎಲ್ಲಿ ಹುಡುಕತಿ? ಕರಿಯೆಮ್ಮಿ ಈದ ದಿನ ಅಂತಿದ್ಳು ನಮ್ಮವ್ವ. ಎಮ್ಮೀನೂ ಹೋತು, ಅವ್ವನೂ ಹೋದ್ಳು. ಕೇಳೂಣು ಅಂದ್ರ ಯಾರೂ ಉಳದಿಲ್ಲ."

ಶರಣಮ್ಮ ಸ್ವೆಟರಿನ ತೋಳು ಮೇಲಕ್ಕೆ ಮಡಚಿಕೊಂಡಳು. ಆಮೇಲೆ ಡಬ್ಬಿಯನ್ನು ಅವರ ಕಡೆ ಸರಿಸಿ, "ಹಂಗಾರ ಜೂನ್ ಒಂದು ನೀವ ಇಟ್ಕೊಳ್ರಿ ಕಾಕಾ. ನಾ ಬಿಟ್ಟೀನಿ, ಈಗ ಅದು ಖಾಲಿ ಅದ" ಎಂದಳು.

ನಿಜಲಿಂಗಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ಶಿವಬಸವ್ವ ಒಳಗಿನಿಂದ ಈಳಿಗೆಯನ್ನೇ ಎತ್ತಿ ತಂದರು. ಕೇಕು ಬಹಳ ಗಟ್ಟಿಯಾಗಿತ್ತು. ನಾಲ್ವರೂ ಚಹಾದಲ್ಲಿ ಅದ್ದಿ ತಿಂದೆವು.